ಅವ್ವನ ಯಾದಿ, ಎರಡು ಬಾಗಿಲಿನ ಲ್ಯಾಪ್‌ಟಾಪು

ನಮ್ಮ ಮನೆಯ ಲ್ಯಾಪ್‌ಟಾಪು ಗುಂಡಿ ಒತ್ತಿದ ಕೂಡಲೇ ಕೆಲಸಕ್ಕೆ ಇಳಿಯುವುದಿಲ್ಲ. ಮೊದಲು ಒಂದು ಪ್ರಶ್ನೆ ಕೇಳುತ್ತದೆ. ಕಪ್ಪು ಪರದೆಯ ಮೇಲೆ ಎರಡು ಸಾಲು ಮೂಡುತ್ತವೆ. ಮೇಲಿನದು ಹೊಸದು, ಲಿನಕ್ಸ್. ಕೆಳಗಿನದು ಹಳೆಯದು, ವಿಂಡೋಸ್. ಯಾವುದು ಬೇಕು, ಬೇಗ ಹೇಳು, ಇಲ್ಲದಿದ್ದರೆ ನಾನೇ ಆರಿಸಿಕೊಳ್ಳುತ್ತೇನೆ ಎನ್ನುವಂತೆ ಹತ್ತರಿಂದ ಹಿಂದಕ್ಕೆ ಎಣಿಸತೊಡಗುತ್ತದೆ. ಮೂವತ್ತು ವರ್ಷ ಮಾನವಿಯ ಹೈಸ್ಕೂಲಿನಲ್ಲಿ ಮಕ್ಕಳನ್ನು ಎದ್ದು ನಿಲ್ಲಿಸಿ ಹೀಗೇ ಪ್ರಶ್ನೆ ಕೇಳಿದ ಮೇಷ್ಟ್ರು ನಾನು. ಗೊತ್ತಿರುವ ಉತ್ತರವನ್ನೂ ಹತ್ತು ಎಣಿಸುವುದರೊಳಗೆ ಹೇಳುವುದು ಎಷ್ಟು ಕಷ್ಟ ಎಂಬುದು ನಿವೃತ್ತಿಯ ಹೊಸ್ತಿಲಲ್ಲಿ ನಿಂತಾಗ ತಿಳಿಯಿತು. ಆ ಮಕ್ಕಳಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ ನನ್ನನ್ನು ಕ್ಷಮಿಸಬೇಕು.

ಗೊತ್ತಿಲ್ಲದವರಿಗೆ ಒಂದೆರಡು ಮಾತು ಹೇಳಿಬಿಡುತ್ತೇನೆ. ಲ್ಯಾಪ್‌ಟಾಪಿನ ಹೊಟ್ಟೆಯಲ್ಲಿ ಹಾರ್ಡ್ ಡಿಸ್ಕ್ ಎಂಬುದೊಂದು ಇರುತ್ತದೆ. ನಾವು ಬರೆದದ್ದು, ಕೂಡಿಟ್ಟದ್ದು ಎಲ್ಲವೂ ಅದರಲ್ಲಿ. ಯಂತ್ರವನ್ನು ನಡೆಸುವ ವ್ಯವಸ್ಥೆಯೂ ಅದರಲ್ಲೇ ವಾಸ. ಸಾಮಾನ್ಯವಾಗಿ ಒಂದು ಡಿಸ್ಕಿಗೆ ಒಂದೇ ವ್ಯವಸ್ಥೆ. ನಮ್ಮದರಲ್ಲಿ ನಡುವೆ ಗೋಡೆ ಎಬ್ಬಿಸಿ ಎರಡು ಸಂಸಾರ ಹೂಡಿದ್ದೇವೆ. ಒಂದು ಎದ್ದಾಗ ಇನ್ನೊಂದು ಮಲಗಿರುತ್ತದೆ, ಹಾಗಾಗಿ ಜಗಳವಿಲ್ಲ.

ನಡುವೆ ಗೋಡೆ ಎಂದ ಕೂಡಲೇ ನನಗೆ ಕವಿತಾಳದ ನಮ್ಮ ಮನೆ ನೆನಪಾಗುತ್ತದೆ. ಮನೆ ಎಂದರೆ ಮಣ್ಣಿನ ಮಾಳಿಗೆಯ ಒಂದೇ ಒಂದು ಉದ್ದನೆಯ ಕೋಣೆ. ಅದರಲ್ಲಿ ಅಪ್ಪ, ಅವ್ವ, ನಾವು ಮೂರು ಮಕ್ಕಳು, ಅಪ್ಪನ ತಮ್ಮನಾದ ನಮ್ಮ ಕಾಕಾ. ಅಪ್ಪನೂ ಕಾಕಾನೂ ಬೇರೆಯವರ ಭತ್ತದ ಗದ್ದೆಗಳಲ್ಲಿ ದುಡಿಯುತ್ತಿದ್ದರು. ಕಾಕಾನ ಮದುವೆ ಗೊತ್ತಾದಾಗ ಮನೆಯನ್ನು ಎರಡು ಮಾಡಬೇಕಾಯಿತು. ಎರಡು ಮಾಡುವುದು ಎಂದರೆ ನಮ್ಮ ಓಣಿಯಲ್ಲಿ ಹಿರಿಯರು ಸೇರುವುದು, ದನಿ ಏರುವುದು, ಒಂದಿಷ್ಟು ದಿನ ಮಾತು ಬಿಡುವುದು ಎಲ್ಲ ಇತ್ತು. ನಮ್ಮ ಮನೆಯಲ್ಲಿ ಅದೇನೂ ಆಗಲಿಲ್ಲ. ಏಕೆಂದರೆ ಅಳತೆ ಮಾಡಿದವಳು ಅವ್ವ.

ಅವ್ವನ ಹತ್ತಿರ ಟೇಪು ಎಲ್ಲಿಂದ ಬರಬೇಕು? ಮನೆಯಲ್ಲಿ ಎಲ್ಲರಿಗಿಂತ ಉದ್ದ ಇದ್ದವನು ಕಾಕಾ. ಅವನನ್ನೇ ನೆಲದ ಮೇಲೆ ಅಂಗಾತ ಮಲಗಿಸಿದಳು. ಅವನು ನಾಚಿಕೊಂಡು ಮೊಣಕಾಲು ಮಡಚಿದರೆ ಗದರಿಸಿ ನೀಟಾಗಿ ಚಾಚಿಸಿದಳು. ಅವನ ಹಿಮ್ಮಡಿಯ ಹತ್ತಿರ ಸುಣ್ಣದಲ್ಲಿ ಗೆರೆ ಎಳೆದು, ಅದಕ್ಕೆ ಇನ್ನೆರಡು ಗೇಣು ಸೇರಿಸಿದಳು.

"ಮನಷ್ಯಾ ಕಾಲ ಚಾಚಿ ಮಕ್ಕೊಳ್ಳಾಕ ಬರಬೇಕು. ಅಷ್ಟು ಜಾಗ ಇಲ್ದ ಮನಿ ಕೊಟ್ರ ಅದು ಕೊಟ್ಟಂಗ ಅಲ್ಲ" ಎಂದಳು.

ಅಪ್ಪ ಗೋಡೆ ಕಟ್ಟುವಾಗ ಅವ್ವ ಇನ್ನೊಂದು ಕರಾರು ಹಾಕಿದಳು. ನಮ್ಮ ಕಡೆ ಗೋಡೆಯಲ್ಲಿ ದೀಪ ಇಡಲು ಬಿಡುವ ಗೂಡಿಗೆ ಮಾಡ ಎನ್ನುತ್ತಾರೆ. ಅದಕ್ಕೆ ಒಂದೇ ಬಾಯಿ ಇರುತ್ತದೆ. ಅವ್ವ ನಡುಗೋಡೆಯ ಮಾಡವನ್ನು ಆರುಪಾರು ಬಿಡಿಸಿದಳು. ಒಂದು ಚಿಮಣಿ ಬುಡ್ಡಿ ಇಟ್ಟರೆ ಈ ಕಡೆಯೂ ಬೆಳಕು, ಆ ಕಡೆಯೂ ಬೆಳಕು. ಸೀಮೆಎಣ್ಣೆ ಒಂದು ದಿನ ಇವರದು, ಒಂದು ದಿನ ಅವರದು. ಬೆಳಕಿನ ಜೊತೆಗೆ ಆ ಮಾಡದಲ್ಲಿ ಇನ್ನೂ ಏನೇನೋ ಹಾದು ಹೋಗುತ್ತಿತ್ತು. ಈ ಕಡೆಯಿಂದ ಅವ್ವನ ರೊಟ್ಟಿ, ಆ ಕಡೆಯಿಂದ ಕಾಕಿಯ ಪುಂಡಿಪಲ್ಯ. ನಾನು ಓದುವಾಗ ಕಾಕಿಯ ಬಳೆಗಳ ನೆರಳು ನನ್ನ ಪುಸ್ತಕದ ಮೇಲೆ ಆಡುತ್ತಿತ್ತು. ನನ್ನ ಗಣಿತ ಕೆಟ್ಟಿದ್ದು ಅದರಿಂದಲೇ ಎಂದು ನಾನು ಬಹಳ ವರ್ಷ ಹೇಳಿಕೊಂಡು ತಿರುಗಿದ್ದೇನೆ. ಕಾಕಿ ಪಾಪ, ಒಮ್ಮೆಯೂ ಬೇಸರ ಮಾಡಿಕೊಳ್ಳಲಿಲ್ಲ.

ಅವ್ವನ ಬಗ್ಗೆ ಹೇಳಬೇಕು. ನಾಟಿ ಹಚ್ಚುವುದು, ಕಳೆ ತೆಗೆಯುವುದು, ಹತ್ತಿ ಬಿಡಿಸುವುದು ಅವಳ ದಿನದ ದುಡಿಮೆ. ಆದರೆ ಅವಳಿಗೆ ಇನ್ನೊಂದು ಕೆಲಸ ಇತ್ತು. ಅವಳು ಸೂಲಗಿತ್ತಿ. ಗದ್ದೆಯಲ್ಲಿ ಮೊಣಕಾಲುದ್ದ ಕೆಸರಿನಲ್ಲಿ ನಿಂತಿರುವಾಗ ಬದುವಿನ ಮೇಲೆ ಯಾರಾದರೂ ಓಡಿ ಬರುವುದು ಕಂಡರೆ ಸಾಕು, ಕೈಯಲ್ಲಿದ್ದ ಸಸಿಯ ಕಟ್ಟನ್ನು ಪಕ್ಕದವಳಿಗೆ ಕೊಟ್ಟು, ಕಾಲುವೆಯಲ್ಲಿ ಕೈಕಾಲು ತೊಳೆದು ಹೊರಟುಬಿಡುತ್ತಿದ್ದಳು. ಮಿಕ್ಕ ದಿನ ನಮ್ಮನ್ನು ಅಂಗಳದಲ್ಲೇ ನಿಲ್ಲಿಸಿ ಮಾತಾಡಿಸುತ್ತಿದ್ದ ಮನೆಗಳು ಆ ದಿನ ಅವಳನ್ನು ಒಳಕೋಣೆಯ ತನಕ ಕೈಹಿಡಿದು ಕರೆದೊಯ್ಯುತ್ತಿದ್ದವು. ಚಿಕ್ಕವನಿದ್ದಾಗ ನನಗೆ ಇದನ್ನು ಕಂಡು ಸಿಟ್ಟು ಬರುತ್ತಿತ್ತು. ಅವ್ವ ಮಾತ್ರ "ಹುಟ್ಟೋ ಕೂಸಿಗೆ ಅಂಗಳ ಯಾವ್ದು, ಒಳಕೋಣಿ ಯಾವ್ದು ಗೊತ್ತಿರಂಗಿಲ್ಲಪಾ. ನಾ ಕೂಸಿನ ಕಡ್ಯಾಕಿ" ಎನ್ನುತ್ತಿದ್ದಳು.

ಅವ್ವನಿಗೆ ಅಕ್ಷರ ಬಾರದು. ಆದರೆ ಯಾವ ಮನೆಯಲ್ಲಿ, ಯಾವ ಮಳೆಯಲ್ಲಿ, ಎಷ್ಟು ಹೊತ್ತಿಗೆ, ಗಂಡೋ ಹೆಣ್ಣೋ ಎಲ್ಲ ಅವಳ ನಾಲಿಗೆಯ ತುದಿಯಲ್ಲಿ ಇರುತ್ತಿತ್ತು. ಇದರ ಬೆಲೆ ತಿಳಿಯಬೇಕಾದರೆ ನೀವು ನಮ್ಮ ಶಾಲೆಯ ಶಿಕ್ಷಕರ ಕೋಣೆಗೆ ಜೂನ್ ಒಂದನೇ ತಾರೀಖು ಬರಬೇಕು. ಅಲ್ಲಿ ಏಳು ಜನ ಇದ್ದೇವೆ, ಐದು ಜನರ ಹುಟ್ಟಿದ ದಿನ ಅವತ್ತೇ. ನಾವು ಐದು ಮಂದಿ ಅವಳಿ ಜವಳಿ ಅಲ್ಲ. ನಮ್ಮನ್ನು ಶಾಲೆಗೆ ಹಾಕಿದ ದಿನ ಹೆಡ್‌ಮಾಸ್ತರರು ಕೈಯನ್ನು ತಲೆಯ ಮೇಲಿಂದ ಇನ್ನೊಂದು ಕಿವಿಗೆ ಮುಟ್ಟಿಸಿ ನೋಡಿ, ಮುಟ್ಟಿದರೆ ಆರು ವರ್ಷ ಎಂದು ತೀರ್ಮಾನಿಸಿ, ಜೂನ್ ಒಂದು ಎಂದು ಬರೆದುಕೊಂಡರು. ಪ್ರತಿ ವರ್ಷ ಆ ತಾರೀಖಿಗೆ ನಾವು ಒಬ್ಬರಿಗೊಬ್ಬರು ಪೇಡಾ ತಿನ್ನಿಸಿ ಫೋಟೋ ತೆಗೆಸಿಕೊಳ್ಳುತ್ತೇವೆ. ನಾವು ನಿಜವಾಗಿ ಹುಟ್ಟಿದ ದಿನ ಯಾವುದು ಎಂದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮನೆಯಲ್ಲೇ ಸೂಲಗಿತ್ತಿ ಇದ್ದರೂ ನಾನು ಒಮ್ಮೆಯೂ ಕೇಳಿರಲಿಲ್ಲ.

ಹಾಗಾಗಿ ಸುತ್ತಲಿನ ಊರುಗಳಿಂದ ಜನ ಅವ್ವನ ಹತ್ತಿರ ಬರುತ್ತಿದ್ದರು. ಮಗಳ ಮದುವೆಗೆ ವಯಸ್ಸು ಲೆಕ್ಕ ಹಾಕಲು ಕೆಲವರು, ಸುಮ್ಮನೆ ತಿಳಿದುಕೊಳ್ಳಲು ಕೆಲವರು. ಲ್ಯಾಪ್‌ಟಾಪು ಕೊಂಡ ವರ್ಷ ನಾನು ಒಂದು ಒಳ್ಳೆಯ ಕೆಲಸ ಮಾಡಿದೆ. ನಾನು ಮಾಡಿದ ಒಳ್ಳೆಯ ಕೆಲಸಗಳ ಸಂಖ್ಯೆ ಕಡಿಮೆ, ಆದ್ದರಿಂದ ಇದನ್ನು ಒತ್ತಿ ಹೇಳುತ್ತೇನೆ. ಭಾನುವಾರ ಬೆಳಗಿನ ಚಹಾ ಆದ ಮೇಲೆ ಅವ್ವ ಹೇಳುವುದು, ನಾನು ಟೈಪು ಮಾಡುವುದು. ಒಂದೊಂದು ಹುಟ್ಟಿಗೂ ಎರಡು ಮೂರು ಸಾಲು. ಅವಳು ಹೇಳಿದಂತೆಯೇ.

"ರೋಹಿಣಿ ಮಳಿ ಹೋಗಿ ಮಿರಗ ಕೂಡೋ ದಿನ. ಮಟಮಾರಿಯಿಂದ ಬಂದಿದ್ದ ಸೊಸಿ. ಹೆಣ್ಣು. ಅಳೋದು ತಡ ಮಾಡ್ತು, ಅಳಾಕತ್ತಿದ ಮ್ಯಾಲ ನಿಲ್ಲಸಲಿಲ್ಲ."

ಇಂಥವು ನಾನೂರಕ್ಕೂ ಹೆಚ್ಚು. ನಾವು ಅದನ್ನು ಅವ್ವನ ಯಾದಿ ಎಂದು ಕರೆಯುತ್ತಿದ್ದೆವು. ಮುಗಿದ ಮೇಲೆ ಒಟ್ಟಿಗೆ ಪ್ರಿಂಟು ತೆಗೆಸಿದರಾಯಿತು ಎಂದು ನಾನು ಸುಮ್ಮನಿದ್ದೆ. ಆದರೆ ಅದು ಮುಗಿಯುವ ಜಾತಿಯದಾಗಿರಲಿಲ್ಲ. ಪೆನ್‌ಡ್ರೈವಿಗೆ ಒಂದು ಪ್ರತಿ ಹಾಕಿದ್ದೆ. ಆ ಪೆನ್‌ಡ್ರೈವನ್ನು ಯಾರೋ ಚುನಾವಣೆಯ ಕೆಲಸಕ್ಕೆಂದು ಕೇಳಿದರು, ಕೊಟ್ಟೆ. ಯಾರು ಎಂಬುದು ಮರೆತುಹೋಯಿತು.

ಮರೆವಿನ ವಿಷಯ ಬಂತು. ಎರಡು ವರ್ಷದಿಂದ ಅವ್ವನಿಗೆ ಮರೆವು ಹತ್ತಿದೆ. ಉಂಡು ಕೈ ತೊಳೆದು ಬಂದು "ನಾ ಉಂಡೀನೇನು?" ಎಂದು ಕೇಳುತ್ತಾಳೆ. ನನ್ನ ಹೆಂಡತಿಯನ್ನು ಒಮ್ಮೊಮ್ಮೆ ಕಾಕಿಯ ಹೆಸರಿನಿಂದ ಕರೆಯುತ್ತಾಳೆ. ಆದರೆ ಯಾದಿಯ ಒಂದು ಸಾಲು ಓದಿದರೆ ಸಾಕು, ಕಣ್ಣು ಹೊಳೆಯುತ್ತವೆ. ಹಿಂದಿನ ಹತ್ತು ಸಾಲು, ಮುಂದಿನ ಹತ್ತು ಸಾಲು ತಾವಾಗಿ ಬರುತ್ತವೆ. ಆ ಬಾಣಂತಿಯ ಮುಖ, ಆ ಮನೆಯ ಎಮ್ಮೆ, ಬಾಗಿಲಲ್ಲಿ ಕಾಲು ಸುಟ್ಟ ಬೆಕ್ಕಿನಂತೆ ಓಡಾಡುತ್ತಿದ್ದ ಗಂಡ, ಎಲ್ಲವೂ ಬರುತ್ತವೆ. ಡಾಕ್ಟರು ಕೊಟ್ಟ ಗುಳಿಗೆಗಿಂತ ಭಾನುವಾರದ ಓದು ಅವಳಿಗೆ ಹಿಡಿಸಿತ್ತು. ಆ ಕಡತ ಹೋದರೆ ಅವ್ವನಲ್ಲಿ ಉಳಿದಿರುವ ಅವ್ವನೂ ಹೋಗುತ್ತಾಳೆ ಎಂಬ ಹೆದರಿಕೆ ನನಗೆ ಮೊದಲಿನಿಂದಲೂ ಇತ್ತು.

ಇಂಥ ಸಮಯದಲ್ಲಿ ಲ್ಯಾಪ್‌ಟಾಪಿಗೆ ಮುಪ್ಪು ಬಂತು. ಬೆಳಿಗ್ಗೆ ಗುಂಡಿ ಒತ್ತಿ, ಸ್ನಾನ ಮುಗಿಸಿ ಬಂದರೂ ಏಳುತ್ತಿರಲಿಲ್ಲ. ಇಲಾಖೆಯ ತರಬೇತಿ, ಹಾಜರಿ ಎಲ್ಲ ಅದರಲ್ಲೇ ಆಗಬೇಕು, ಆದರೆ ಹೊಸ ಪುಟಗಳು ಅದರಲ್ಲಿ ತೆರೆಯವು. ರಾಯಚೂರಿಗೆ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋದೆ. ಅಂಗಡಿಯವನು ಮುಚ್ಚಳವನ್ನೂ ಪೂರ್ತಿ ತೆರೆಯಲಿಲ್ಲ.

"ಫಾರ್ಮ್ಯಾಟ್ ಹೊಡೆದುಬಿಡೋಣ್ರಿ ಸರ್. ಎಲ್ಲಾ ಸಾಫ್ ಆಗ್ತದ."

"ಎಲ್ಲಾ ಅಂದ್ರ?"

"ಎಲ್ಲಾ ಅಂದ್ರ ಎಲ್ಲಾ. ಹೊಸಾದಂಗ ಆಗ್ತದ್ರಿ."

ಅವನು ಸಾಫ್ ಎಂದ ರೀತಿಗೆ ಲ್ಯಾಪ್‌ಟಾಪನ್ನು ಎದೆಗೆ ಅವಚಿಕೊಂಡೆ. ಕೊಡಲಿಲ್ಲ. ಆಸ್ಪತ್ರೆಯಿಂದ ಹೇಳದೆ ಕೇಳದೆ ರೋಗಿಯನ್ನು ಎತ್ತಿಕೊಂಡು ಬಂದವನಂತೆ ಬಸ್ ನಿಲ್ದಾಣಕ್ಕೆ ನಡೆದುಬಂದೆ. ನನ್ನ ತೊಂದರೆ ಇಷ್ಟೇ. ಯಾದಿಯನ್ನು ನಾನು ಟೈಪು ಮಾಡಿದ್ದು ಹಳೆಯ ಕಾಲದ ಕನ್ನಡ ತಂತ್ರಾಂಶದಲ್ಲಿ. ಅದು ಆ ಹಳೆಯ ವಿಂಡೋಸಿನಲ್ಲಿ ಮಾತ್ರ ತೆರೆಯುತ್ತದೆ. ಬೇರೆ ಯಂತ್ರದಲ್ಲಿ ತೆರೆದರೆ ಅವ್ವನ ಮಾತೆಲ್ಲ ಇಂಗ್ಲಿಷಿನ ಹಾಳುಮೂಳು ಅಕ್ಷರಗಳಾಗಿ ಕಾಣುತ್ತದೆ. ಆ ತಂತ್ರಾಂಶದ ಸಿಡಿ ಯಾವಾಗಲೋ ಕಳೆದಿತ್ತು. ಹಳೆಯದನ್ನು ತೆಗೆಯುವ ಹಾಗಿಲ್ಲ, ಹೊಸದು ಬೇಕು. ಹಾಗಾದರೆ ಒಂದೇ ಮನೆಯಲ್ಲಿ ಇಬ್ಬರೂ ಇರಲಿ, ನಡುವೆ ಗೋಡೆ ಹಾಕೋಣ ಎಂದು ತೀರ್ಮಾನಿಸಿದೆ.

ಹೇಗೆ ಹಾಕಬೇಕು ಎಂದು ತೋರಿಸುವ ವಿಡಿಯೋಗಳು ಬೇಕಾದಷ್ಟಿವೆ. ಅದರಲ್ಲಿ ಮಾತಾಡುವವರು ಎಲ್ಲರೂ ಇದು ಬಹಳ ಸುಲಭ ಎಂದೇ ಶುರುಮಾಡುತ್ತಾರೆ. ನಾನೂ ಸಂಧಿ ಸಮಾಸ ಹಾಗೆಯೇ ಶುರುಮಾಡುತ್ತಿದ್ದೆ. ಮೊದಲ ಭಾಗ ಶನಿವಾರ ಮಧ್ಯಾಹ್ನ ಮುಗಿಸಿದೆ. ಹಳೆಯ ವಿಂಡೋಸಿಗೆ ಹೇಳಿ, ಅದರ ಜಾಗವನ್ನು ಸ್ವಲ್ಪ ಸರಿಸಿ, ಹೊಸಬನಿಗೆ ಜಾಗ ಮಾಡಿದೆ. ಎಷ್ಟು ಕೊಡಬೇಕು ಎಂಬಲ್ಲಿ ಅವ್ವನ ಅಳತೆಯನ್ನೇ ಹಿಡಿದೆ. ವಿಡಿಯೋದವನು ಇಷ್ಟು ಸಾಕು ಎಂದದ್ದಕ್ಕೆ ಎರಡು ಗೇಣು ಸೇರಿಸಿದೆ. ಖುಷಿಯಿಂದ ಮುಚ್ಚಳ ಮುಚ್ಚಿ ಚಹಾಕ್ಕೆ ಹೋದೆ. ಈ ಮುಚ್ಚಳ ಮುಚ್ಚುವ ಮಾತನ್ನು ದಯವಿಟ್ಟು ನೆನಪಿಡಿ.

ಮರುದಿನ ಬೆಳಿಗ್ಗೆ ಉಳಿದ ಭಾಗ. ಹೊಸದು ತನ್ನ ಪಾಲಿನಲ್ಲಿ ಬಂದು ಕುಳಿತಿತು. ಯಂತ್ರ ಒಮ್ಮೆ ಆರಿ ಹತ್ತಿತು. ಏನು ವೇಗ! ಚಹಾ ಲೋಟ ತುಟಿಗೆ ಮುಟ್ಟುವುದರೊಳಗೆ ಎದ್ದು ಕುಳಿತಿತ್ತು. ನಾನು ಹೆಂಡತಿಯನ್ನು ಕೂಗಿ ಕರೆದೆ. ಅವಳು ಸೌಟು ಹಿಡಿದುಕೊಂಡೇ ಬಂದು ನೋಡಿದಳು.

"ಭಾಳ ಚಲೋ ಆತು. ಹಳೇದು ಎಲ್ಲಿ ಅದ?"

ಹಳೆಯದು ಎಲ್ಲಿಯೂ ಇರಲಿಲ್ಲ. ಎರಡು ಸಾಲಿನ ಪ್ರಶ್ನೆ ಬರಬೇಕಾದ ಕಡೆ ಪ್ರಶ್ನೆಯೇ ಬರಲಿಲ್ಲ, ನೇರವಾಗಿ ಹೊಸದೇ ಬಂತು. ಮೂರು ಸಲ ಆರಿಸಿ ಹಚ್ಚಿದೆ. ಹೊಸದರ ಒಳಗಿನಿಂದ ಹಳೆಯ ಪಾಲಿನ ಬಾಗಿಲು ಬಡಿದು ನೋಡಿದೆ. ತೆರೆಯಲಾಗದು ಎಂದು ಒಂದು ಸಾಲಿನ ಇಂಗ್ಲಿಷು ಬಂತು. ನಾನೂರು ಮಕ್ಕಳನ್ನು ಒಂದೇ ಬೆಳಿಗ್ಗೆ ಕಳೆದುಬಿಟ್ಟೆ ಎನಿಸಿತು.

ಅಷ್ಟರಲ್ಲಿ ಹೊರಗಿನ ಮಂಚದಿಂದ ಅವ್ವನ ದನಿ. "ಯಪ್ಪಾ, ಇವತ್ತು ಐತವಾರ ಹೌದಿಲ್ಲೊ? ಓದಂಗಿಲ್ಲೇನು?"

ಉಂಡದ್ದು ಮರೆಯುವ ಅವ್ವ ಭಾನುವಾರವನ್ನು ಮಾತ್ರ ಮರೆಯುವುದಿಲ್ಲ. ನಾನು ಲ್ಯಾಪ್‌ಟಾಪು ಹಿಡಿದು ಅವಳ ಪಕ್ಕದಲ್ಲಿ ಕುಳಿತೆ. ಪರದೆಯ ಮೇಲೆ ಹೊಸ ವ್ಯವಸ್ಥೆಯ ನೀಲಿ ಬೆಟ್ಟದ ಚಿತ್ರ ಬಿಟ್ಟರೆ ಬೇರೇನೂ ಇಲ್ಲ. ಅದನ್ನೇ ನೋಡುತ್ತ, ಓದುವ ದನಿಯಲ್ಲಿ, ಬಾಯಿಗೆ ಬಂದದ್ದನ್ನು ಹೇಳತೊಡಗಿದೆ. ಮೂವತ್ತು ವರ್ಷ ಪಾಠ ಹೇಳಿದವನಿಗೆ ಪುಸ್ತಕ ಇಲ್ಲದೆ ಓದುವುದು ಏನು ಮಹಾ ಎಂಬ ಧೈರ್ಯ.

"ಚಿತ್ತಿ ಮಳಿ. ಸಿರವಾರ ಹಾದಿ ಮನಿ. ಗಂಡು ಕೂಸು. ಎಲ್ಲಾ ಸುಸೂತ್ರ."

ಮುಂದಿನದಕ್ಕೆ ನಾನು ಬಾಯಿ ತೆರೆಯುವಷ್ಟರಲ್ಲಿ ಅವ್ವ ಕೈ ಎತ್ತಿದಳು.

"ಆ ಮನ್ಯಾಗ ಅವಳಿ ಜವಳಿ. ಎರಡೂ ಹೆಣ್ಣು. ಮತ್ತ ಸುಸೂತ್ರ ಅಂತ ನಾ ಯಾವಾಗ ಅಂದೀನಿ? ಆ ಮಾತು ನನ್ನ ಬಾಯಾಗಿಂದಲ್ಲ." ನನ್ನ ಮುಖವನ್ನು ನೋಡಿದಳು. "ನೀ ಓದಾಕತ್ತಿಲ್ಲ. ಕಟ್ಟಿ ಹೇಳಾಕತ್ತೀದಿ."

ಐವತ್ತೆಂಟನೆಯ ವಯಸ್ಸಿನಲ್ಲಿ, ಹೆಂಡತಿಯ ಎದುರಿಗೆ, ಕಾಪಿ ಹೊಡೆದು ಸಿಕ್ಕಿಬಿದ್ದೆ. ನಡೆದದ್ದೆಲ್ಲ ಹೇಳಿದೆ. ಗೋಡೆ ಹಾಕಲು ಹೋದದ್ದು, ಹಳೆಯ ಪಾಲು ಕಾಣದಾದದ್ದು, ಯಾದಿ ಅದರೊಳಗೆ ಸಿಕ್ಕಿಕೊಂಡದ್ದು. ಅವ್ವ ಅಳುತ್ತಾಳೆ ಎಂದುಕೊಂಡಿದ್ದೆ. ಅವಳು ಮಂಚದ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ನನ್ನ ತಲ್ಯಾಗ ಈಗ ಏನೂ ನಿಂದ್ರವಲ್ದು. ಅದರಾಗ ಅದ ಅಂತ ಧೈರ್ಯ ಇತ್ತು" ಎಂದಳು. ಆಮೇಲೆ "ಗೊತ್ತಿದ್ದವರನ್ನ ಕರಿ. ನೀ ಇನ್ನ ಕೈ ಹಚ್ಚಬ್ಯಾಡ" ಎಂದಳು.

ಗೊತ್ತಿದ್ದವಳು ಎಂದರೆ ಮಾಳಮ್ಮ. ನನ್ನ ಹಳೆಯ ವಿದ್ಯಾರ್ಥಿನಿ, ಈಗ ದೇವದುರ್ಗದ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತಾಳೆ. ಕುರಿ ಕಾಯುವ ಮನೆತನದ ಹುಡುಗಿ. ಅವಳು ಎಂಟನೆಯ ತರಗತಿಯಲ್ಲಿದ್ದಾಗ ನಮ್ಮ ಶಾಲೆಗೆ ಯಾರೋ ಒಂದು ಕಂಪ್ಯೂಟರನ್ನು ದಾನ ಕೊಟ್ಟಿದ್ದರು. ನಾವು ಶಿಕ್ಷಕರೆಲ್ಲ ಸೇರಿ ಅದಕ್ಕೆ ಹೂಬಟ್ಟೆ ಹೊದಿಸಿ, ಆಯುಧಪೂಜೆಗೆ ಕುಂಕುಮ ಹಚ್ಚಿ, ಮತ್ತೆ ಹೊದಿಸಿ ಇಟ್ಟಿದ್ದೆವು. ಕೆಡಬಾರದಲ್ಲ! ಒಂದು ದಿನ ಈ ಹುಡುಗಿ ಬಂದು "ಸರ್, ಅದರ ಮ್ಯಾಗಿನ ಬಟ್ಟಿ ತೆಗೀಲೇನ್ರಿ?" ಎಂದು ಕೇಳಿದಳು. ನಾನು ತೆಗಿ ಎಂದೆ. ನಾನು ಮಾಡಿದ ಒಳ್ಳೆಯ ಕೆಲಸಗಳ ಪಟ್ಟಿಯಲ್ಲಿ ಇದು ಎರಡನೆಯದು, ಅಲ್ಲಿಗೆ ಪಟ್ಟಿ ಮುಗಿಯಿತು.

ಫೋನು ಮಾಡಿದಾಗ ಅವಳು ಒಂದೇ ಮಾತು ಹೇಳಿದಳು. "ಸರ್, ಅದನ್ನ ಆರಿಸಿ ಇಟ್ಟುಬಿಡ್ರಿ. ಏನೂ ಒತ್ತಬ್ಯಾಡ್ರಿ. ಮುಂದಿನ ಐತವಾರ ಬರ್ತೀನಿ."

ಆ ಒಂದು ವಾರ ನಮ್ಮ ಮನೆಯಲ್ಲಿ ಲ್ಯಾಪ್‌ಟಾಪು ಬಾಣಂತಿಯಂತೆ ಮೂಲೆಯಲ್ಲಿ ಮಲಗಿತ್ತು. ಅವ್ವ ದಿನಕ್ಕೆ ನಾಲ್ಕು ಸಲ "ಆಕಿ ಬಂದ್ಲೇನು?" ಎಂದು ಕೇಳುತ್ತಿದ್ದಳು. ನಾಲ್ಕು ಸಲವೂ ಮೊದಲ ಸಲ ಕೇಳಿದಂತೆ ಕೇಳುತ್ತಿದ್ದಳು. ನಾನು ನಾಲ್ಕು ಸಲವೂ ಹೊಸದಾಗಿ ತಲೆ ತಗ್ಗಿಸುತ್ತಿದ್ದೆ.

ಮಾಳಮ್ಮ ಸಿರವಾರದಲ್ಲಿ ಬಸ್ಸು ಬದಲಿಸಿ ಹತ್ತು ಗಂಟೆಗೆ ಬಂದಳು. ಬಂದವಳೇ ಅವ್ವನ ಕಾಲಿಗೆ ನಮಸ್ಕರಿಸಿ, ಚಹಾ ಆಮೇಲೆ ಎಂದು, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು ಲ್ಯಾಪ್‌ಟಾಪು ತೆರೆದಳು. ಐದು ನಿಮಿಷ ಅದರ ಒಳಗೆಲ್ಲ ಹುಡುಕಿದಳು. ಆಮೇಲೆ ನನ್ನ ಕಡೆ ತಿರುಗಿದಳು. ಮುಖದಲ್ಲಿ ನಗು ತಡೆದುಕೊಂಡಿದ್ದು ಕಾಣುತ್ತಿತ್ತು.

"ಸರ್, ಶನಿವಾರ ಮೊದಲ ಭಾಗ ಮುಗಿಸಿದ ಮ್ಯಾಲ ಇದನ್ನ ಬಂದ್ ಮಾಡಿದ್ರೇನ್ರಿ, ಬರೇ ಮುಚ್ಚಳ ಮುಚ್ಚಿದ್ರಿ?"

"ಮುಚ್ಚಳ ಮುಚ್ಚಿದೆ. ನಾ ಯಾವಾಗಲೂ ಹಂಗ ಮಾಡೋದು."

"ಪುಸ್ತಕ ಮುಚ್ಚಿದಂಗ" ಎಂದು ಅವಳು ನಕ್ಕೇಬಿಟ್ಟಳು. "ಹಳೇದು ಎಲ್ಲಿಗೂ ಹೋಗಿಲ್ರಿ ಸರ್. ನೀವು ಅದನ್ನ ಆರಿಸಿಲ್ಲ, ಮಲಗಿಸೀರಿ. ಅರ್ಧ ಕೆಲಸದಾಗ ಒಳಗಿಂದ ಅಗಳಿ ಹಾಕ್ಕೊಂಡು ಮಲಗೇದ. ಹೊರಗಿನವರು ಬಡಿದ್ರ ಹೆಂಗ ತೆಗೀಬೇಕು? ಅದರ ಮ್ಯಾಲ ಹೊಸಾದು ತನ್ನ ಬಾಗಿಲ ಪಟ್ಟ್ಯಾಗ ಹಳೇದರ ಹೆಸರು ಬರದಿಲ್ಲ. ಇಷ್ಟ."

"ಯಾದಿ?"

"ಅದರೊಳಗ ಅದ್ರಿ."

ನನ್ನ ಹೆಂಡತಿ ಅಡುಗೆಮನೆಗೆ ಹೋಗಿ ಕಣ್ಣೊರೆಸಿಕೊಂಡಳು. ನಾನು ಒರೆಸಿಕೊಳ್ಳಲಿಲ್ಲ, ಏಕೆಂದರೆ ಒರೆಸಿಕೊಂಡರೆ ಗೊತ್ತಾಗುತ್ತದೆ.

ಹಾಗಾದರೆ ಈಗಲೇ ಬಾಗಿಲು ತೆಗೆಸು ಎಂದು ನಾನು ಅವಸರ ಮಾಡಿದೆ. ಮಾಳಮ್ಮ ತಲೆ ಅಲ್ಲಾಡಿಸಿದಳು. ಚೀಲದಿಂದ ಒಂದು ಹೊರಗಿನ ಡಿಸ್ಕನ್ನೂ ಒಂದು ಪೆನ್‌ಡ್ರೈವನ್ನೂ ತೆಗೆದಳು. ಏನೂ ಬದಲಿಸದೆ, ಬರೀ ಓದಲು ಮಾತ್ರ ಬರುವ ಹಾಗೆ ಹಳೆಯ ಪಾಲಿಗೆ ಕಿಟಕಿಯೊಂದನ್ನು ತೆರೆದು, ಅದರಲ್ಲಿದ್ದದ್ದನ್ನು ಡಿಸ್ಕಿಗೆ ನಕಲು ಮಾಡತೊಡಗಿದಳು. ಯಾದಿಯ ಕಡತವನ್ನು ಪೆನ್‌ಡ್ರೈವಿಗೆ ಇನ್ನೊಮ್ಮೆ. ಅದು ಮುಗಿಯುವ ತನಕ ಬೇರೆ ಯಾವ ಗುಂಡಿಯನ್ನೂ ಮುಟ್ಟಲಿಲ್ಲ. ಮುಗಿದ ಮೇಲೆ ಈ ಕಡೆ ಎಷ್ಟು ಕಡತ, ಆ ಕಡೆ ಎಷ್ಟು ಎಂದು ಎರಡೂ ಸಂಖ್ಯೆಯನ್ನು ಬೆರಳಿಟ್ಟು ನೋಡಿದಳು.

"ನಮ್ಮಪ್ಪ ಸಂಜಿಮುಂದ ಕುರಿ ದೊಡ್ಡಿಗೆ ಕೂಡಿ ಎಣಿಸ್ತಾನ್ರಿ. ಮುಂಜಾನಿ ಬಿಟ್ಟಷ್ಟು ಬರ್ಲಿಲ್ಲಂದ್ರ ಊಟದ ಗಂಗಾಳಕ್ಕ ಕೈ ಹಚ್ಚಂಗಿಲ್ಲ" ಎಂದಳು. "ಎಲ್ಲಾ ಬಂದಾವ್ರಿ ಸರ್."

ಮಂಚದ ಮೇಲಿನಿಂದ ಅವ್ವ ಇದನ್ನೆಲ್ಲ ನೋಡುತ್ತಲೇ ಇದ್ದಳು.

"ಏನ ಮಾಡಾಕತ್ತೀಯವ್ವಾ? ಇನ್ನಾ ತೆಗ್ದಿಲ್ಲೇನು ಬಾಗಲಾ?"

"ಅದಕ್ಕಿಂತ ಮದ್ಲ ನಕಲ ಇಟ್ಟುಕೊಂಡೆ ಯವ್ವಾ. ಎರಡು ಕಡಿಗೆ. ನಡುವ ಏನರ ಹೆಚ್ಚುಕಮ್ಮಿ ಆದ್ರ ಜೀವಕ್ಕ ಕುತ್ತು ಬರಬಾರ್ದಲ್ಲ."

ಅವ್ವ ಮಂಚದಿಂದ ಇಳಿದು ಬಂದು ಅವಳ ಪಕ್ಕದಲ್ಲಿ ನೆಲದ ಮೇಲೆ ಕುಳಿತಳು. ಆ ಹುಡುಗಿಯ ಎರಡೂ ಕೈಗಳನ್ನು ತಿರುವಿ ಮುರುವಿ ನೋಡಿದಳು.

"ನನ್ನ ಕೆಲಸ ನಿನಗ ಯಾರು ಕಲಿಸಿದ್ರು? ಹೊಕ್ಕಳ ಹುರಿ ಕೊಯ್ಯೋ ಮುಂದ ತಾಯಿ ಕಡಿಗೆ ಒಂದು ಗಂಟು, ಕೂಸಿನ ಕಡಿಗೆ ಒಂದು ಗಂಟು. ಎರಡೂ ಬಿಗಿ ಆದಮ್ಯಾಲ ನಡುವ ಬ್ಲೇಡು. ಅವಸರ ಮಾಡಿ ಒಂದ ಕಡಿಗೆ ಕಟ್ಟಿ ಕೊಯ್ದ್ರ ಒಂದು ಜೀವ ಹೋಗ್ತದ." ಆಮೇಲೆ ನನ್ನನ್ನು ತೋರಿಸಿದಳು. "ಇವಗ ಎಷ್ಟು ಓದಿಸಿದ್ರೂ ಇದು ಬರಲಿಲ್ಲ ನೋಡು."

ಮಾಳಮ್ಮ ತಲೆ ಬಗ್ಗಿಸಿ ನಕ್ಕಳು. ನನಗೆ ಅವಮಾನವೇನೂ ಆಗಲಿಲ್ಲ, ನಿಜ ಹೇಳಬೇಕೆಂದರೆ ಹೊಟ್ಟೆ ತುಂಬಿದಂತಾಯಿತು. ಅಕ್ಷರ ತಿಳಿಯದ ಒಬ್ಬಳ ಕೈ, ಕಂಪ್ಯೂಟರ್ ಕಲಿಸುವ ಒಬ್ಬಳ ಕೈ ಒಂದರ ಮೇಲೊಂದು ಇದ್ದವು. ಇಬ್ಬರೂ ಒಂದೇ ಕೆಲಸದವರೆಂದು ಗುರುತಿಸಲು ಅವ್ವನಿಗೆ ಒಂದು ಗಳಿಗೆಯೂ ಬೇಕಾಗಲಿಲ್ಲ. ಇವರಿಬ್ಬರ ನಡುವೆ ಕುಳಿತ ನಾನು ಮುಚ್ಚಳ ಮುಚ್ಚುವವನು.

ಮುಂದಿನದು ಬೇಗ ಆಯಿತು. ಏನೋ ನಾಲ್ಕು ಸಾಲು ಬರೆದಳು, ಯಂತ್ರ ಆರಿ ಹತ್ತಿತು, ಕಪ್ಪು ಪರದೆಯ ಮೇಲೆ ಎರಡು ಸಾಲು ಮೂಡಿದವು. ಅವಳು ಕೆಳಗಿನದನ್ನು ಆರಿಸಿ, ಹಳೆಯದನ್ನು ನಿದ್ದೆಯಿಂದ ಎಬ್ಬಿಸಿದಳು. ಅದು ತನ್ನ ಎಂದಿನ ನಿಧಾನದಲ್ಲಿ ಆಕಳಿಸುತ್ತ ಎದ್ದಿತು. ಅದರ ನಿಧಾನ ನನಗೆ ಅಷ್ಟು ಚೆಂದ ಯಾವತ್ತೂ ಕಂಡಿರಲಿಲ್ಲ. ಯಾದಿ ತೆರೆಯಿತು. ಮಿರಗ ಕೂಡುವ ದಿನ, ಮಟಮಾರಿಯ ಸೊಸೆ, ಅಳುವುದು ತಡ ಮಾಡಿದ ಹೆಣ್ಣುಕೂಸು, ಎಲ್ಲ ಅಲ್ಲಲ್ಲೇ ಇದ್ದವು.

"ಇದನ್ನ ಹಿಂಗ ಬಿಡಬಾರದ್ರಿ ಸರ್" ಎಂದು ಮಾಳಮ್ಮ ಅದನ್ನು ಈಗಿನ ಅಕ್ಷರಕ್ಕೆ ತಿರುಗಿಸಿದಳು. ಇನ್ನು ಯಾವ ಯಂತ್ರದಲ್ಲಿ ತೆರೆದರೂ ಕನ್ನಡ ಕನ್ನಡವಾಗಿಯೇ ಕಾಣುತ್ತದೆ. ಹಾಗಾದರೆ ಹಳೆಯದು ಯಾಕೆ ಬೇಕು ಎಂದು ನನ್ನ ಹೆಂಡತಿ ಕೇಳಿದಳು. ತಿರುಗಿಸುವಾಗ ಅಕ್ಷರ ತಪ್ಪಿದ್ದರೆ ಹೋಲಿಸಿ ನೋಡಲು ಮೂಲ ಪ್ರತಿ ಹಳೆಯದರಲ್ಲೇ ಇರಲಿ ಎಂದಳು ಮಾಳಮ್ಮ. ಆಮೇಲೆ ಡಿಸ್ಕಿನಲ್ಲಿ ಇನ್ನೊಂದು ಸಣ್ಣ ಪಾಲು ಮಾಡಿದಳು.

"ಇದು ಯಾರಿಗೆ? ಮೂರನೇ ಸಂಸಾರ ಎಲ್ಲಿಂದ ಬಂತು?" ಎಂದೆ.

"ಇದು ಯಾರದೂ ಅಲ್ರಿ. ಹಳೇದು ಎದ್ದಾಗ ಅದಕ್ಕೂ ಕಾಣಸ್ತದ, ಹೊಸಾದು ಎದ್ದಾಗ ಅದಕ್ಕೂ ಕಾಣಸ್ತದ. ಯಾದಿ ಇದರಾಗ ಇರ್ಲಿ. ಯಾವ ಕಡಿಯಿಂದ ಬಂದ್ರೂ ಸಿಗಬೇಕಲ್ಲ. ಹೆಸರು ಏನ್ ಇಡಲ್ರಿ?"

ನಾನು ಗೋಡೆಗೆ ಒರಗಿ ಕುಳಿತೆ. ಇದು ಕವಿತಾಳದ ನಡುಗೋಡೆಯಲ್ಲಿ ಅವ್ವ ಆರುಪಾರು ಬಿಡಿಸಿದ ಗೂಡೇ ಆಗಿತ್ತು. ಹೇಳಿದೆ. ಮಾಳಮ್ಮ ಅದಕ್ಕೆ ಮಾಡ ಎಂದು ಹೆಸರಿಟ್ಟು, ಯಾದಿಯನ್ನು ಅದರೊಳಗೆ ಇಟ್ಟಳು. ಮಧ್ಯಾಹ್ನ ನಮ್ಮಲ್ಲೇ ರೊಟ್ಟಿ, ಪುಂಡಿಪಲ್ಯ ಉಂಡು, ಇನ್ನು ಮೇಲೆ ಮುಚ್ಚಳ ಮುಚ್ಚುವ ಮುಂಚೆ ಸರಿಯಾಗಿ ಬಂದ್ ಮಾಡುತ್ತೇನೆ ಎಂದು ನನ್ನಿಂದ ಆಣೆ ಹಾಕಿಸಿಕೊಂಡು, ಎರಡು ಗಂಟೆಯ ಬಸ್ಸಿಗೆ ಹೋದಳು. ನಾನು ಅವಳಿಗೆ ಕಲಿಸಿದ ಸಂಧಿ ಸಮಾಸ ಅವಳಿಗೆ ನೆನಪಿದೆಯೋ ಇಲ್ಲವೋ, ಅವಳು ನನಗೆ ಕಲಿಸಿದ್ದನ್ನು ನಾನು ಮರೆಯುವುದಿಲ್ಲ.

ಅವಳನ್ನು ಬಸ್ಸಿಗೆ ಹತ್ತಿಸಿ ಬಂದಾಗ ಅವ್ವ ಇನ್ನೂ ಲ್ಯಾಪ್‌ಟಾಪಿನ ಪಕ್ಕದಲ್ಲೇ ಕುಳಿತಿದ್ದಳು. ಮಲಗಿಕೋ ಎಂದರೆ ಕೇಳಲಿಲ್ಲ.

"ಎರಡೂ ಕಡಿಗೆ ಕಟ್ಟೀರಿ ಹೌದಿಲ್ಲೊ?"

"ಹೌದವ್ವಾ. ಗಟ್ಟಿ ಕಟ್ಟ್ಯಾಳ."

"ಹಂಗಾದ್ರ ಇನ್ನೊಂದು ಬರಿ. ಇದೊಂದು ನಾ ಬರಸಿಲ್ಲ. ಇದು ತಲ್ಯಾಗಿಂದ ಎಂದೂ ಹೋಗಂಗಿಲ್ಲ ಅಂತ ಬಿಟ್ಟಿದ್ದೆ. ಈಗ ತಲಿ ನಂಬಾಕ ಬರಂಗಿಲ್ಲ."

ನಾನು ಯಾದಿಯ ಕೊನೆಗೆ ಹೋಗಿ ಬೆರಳಿಟ್ಟು ಕುಳಿತೆ. ಅವ್ವ ಕಣ್ಣು ಮುಚ್ಚಿ, ಒಂದೊಂದೇ ಮಾತು ನಿಲ್ಲಿಸಿ ನಿಲ್ಲಿಸಿ ಹೇಳಿದಳು.

"ಸ್ವಾತಿ ಮಳಿ ಹೋಗಿ ಒಂದು ಅಮಾಸಿ ಆಗಿತ್ತು. ಓಣಿ ಮಂದಿ ಎಲ್ಲಾ ಹತ್ತಿ ಬಿಡಸಾಕ ಹೊಲಕ್ಕ ಹೋಗಿದ್ರು. ಆಕಿ ಮುಂಜಾನಿ ಗೌಡ್ರ ಮನ್ಯಾಗ ಒಂದು ಹೆಣ್ಣುಕೂಸು ತೆಗದು ಮನಿಗೆ ಬಂದಿದ್ಲು. ಬಂದು ನೀರ ಕುಡಿಯೋದ್ರಾಗ ಆಕಿಗೇ ಬ್ಯಾನಿ ಹತ್ತಿದ್ವು. ಕೂಗಿದ್ರ ಕೇಳೋರು ಯಾರೂ ಇಲ್ಲ. ನೀರ ತಾನ ಕಾಸಿದ್ಲು. ಹೊತ್ತು ನೆತ್ತಿ ಮ್ಯಾಲ ಇತ್ತು. ಗಂಡು. ಸೂಲಗಿತ್ತಿ ಬಂದಿಲ್ಲ. ತಾಯಿ ತಾನ ಎರಡೂ ಕಡಿಗೆ ಕಟ್ಟಿ, ತಾನ ಹುರಿ ಕೊಯ್ದ್ಲು."

ಮೊದಲ ಎರಡು ಸಾಲಿನ ತನಕ ನಾನು ಯಾರದೋ ಮನೆಯ ಕತೆ ಎಂದೇ ಟೈಪು ಮಾಡುತ್ತಿದ್ದೆ. ಆಮೇಲೆ ಅಕ್ಷರಗಳು ಕಾಣದಾದವು. ಇಷ್ಟು ವರ್ಷ ಜೂನ್ ಒಂದರ ಪೇಡಾ ತಿಂದ ಮನುಷ್ಯ ಹತ್ತಿ ಬಿಡಿಸುವ ಕಾಲದ ಒಂದು ಮಧ್ಯಾಹ್ನ ಹುಟ್ಟಿದ್ದ. ಆ ಎರಡು ಗಂಟುಗಳನ್ನು ಕಟ್ಟಿದ ಕೈ ಈಗ ನನ್ನ ಮೊಣಕಾಲ ಮೇಲೆ ಇತ್ತು.

ಉಳಿಸುವ ಗುಂಡಿಯನ್ನು ಎರಡು ಸಲ ಒತ್ತಿದೆ. ಮಾಳಮ್ಮ ಬಿಟ್ಟುಹೋಗಿದ್ದ ಪೆನ್‌ಡ್ರೈವಿಗೂ ಹಾಕಿದೆ.

"ಬರದಿ?" ಎಂದಳು ಅವ್ವ.

"ಬರದೆ."

"ಹಂಗಾದ್ರ ಓದು. ಈ ಸಲ ಕಟ್ಟಿ ಹೇಳಬ್ಯಾಡ."

ಓದಿದೆ.